ಟೊಳ್ಳು ಹಲ್ಲು

"ನಿಮ್ಮಪ್ಪನ ಕುರಿಗಳನ್ನ ತಂದು ಇಲ್ಲಿ ಮಂದೆ ಹಾಕಿದ್ರೂ ಈ ಲಾನು ಇದಕ್ಕಿಂತ ಚೆನ್ನಾಗಿರ್ತಿತ್ತು ಕಣೋ" ಎಂದ ರೆಸಾರ್ಟಿನ ಯಜಮಾನ ವಿಜಯಸಾರಥಿ ಸತೀಶನಿಗೆ. ಜೋರಾಗಿ ಹೇಳಲಿಲ್ಲ, ಅವನು ಯಾವತ್ತೂ ಜೋರಾಗಿ ಮಾತಾಡುವವನಲ್ಲ. ಆದರೆ ರೆಸಾರ್ಟಿನ ಅಡುಗೆಮನೆಯ ಬಾಗಿಲಲ್ಲಿ ಇಬ್ಬರು ಹೆಂಗಸರು ಸೊಪ್ಪು ಬಿಡಿಸುತ್ತ ಕೂತಿದ್ದರು. ಬೇಲೂರಿಗೆ ಹೊರಟ ಒಂದು ಸಂಸಾರ ಕಾರಿನ ಡಿಕ್ಕಿ ತೆರೆದುಕೊಂಡು ನಿಂತಿತ್ತು. ಗಾಜು ಒರೆಸುತ್ತಿದ್ದ ಡ್ರೈವರನ ಕೈ ಅಲ್ಲೇ ನಿಂತಿತು. ಮತ್ತು ದೇವರಾಜ್ ನಕ್ಕ. ನಕ್ಕನೋ, ಬಿಸಿಲಿಗೆ ಮುಖ ಕಿವುಚಿದನೋ ಎಂಬುದನ್ನು ಸತೀಶ ಆಗಲೇ ನೋಡಿ ಗೊತ್ತುಮಾಡಿಕೊಳ್ಳಬೇಕಿತ್ತು. ನೋಡಲಿಲ್ಲ. ಅವನ ಕಣ್ಣು ವಿಜಯಸಾರಥಿಯ ಚಪ್ಪಲಿಯ ಮೇಲಿತ್ತು. ಒಳ್ಳೆಯ ತೊಗಲಿನ ಚಪ್ಪಲಿ, ಹುಲ್ಲು ಹೋಗಿ ಬೋಳಾದ ನೆಲವನ್ನು ಅದರ ತುದಿಯಿಂದ ಕುಟ್ಟಿ ತೋರಿಸುತ್ತಿತ್ತು, ಟಕ್ ಟಕ್ ಎಂದು ಸಿಮೆಂಟಿನ ಮೇಲೆ ಕುಟ್ಟಿದ ಹಾಗೆ ಸದ್ದು ಬರುತ್ತಿತ್ತು. ದೇವರಾಜ್ ಸತೀಶನ ಪಾಲುದಾರ. ಲಾನು ಹಾಸುವ, ಗಿಡ ಕತ್ತರಿಸುವ, ಹೋಂಸ್ಟೇಗಳ ಅಂಗಳ ನೋಡಿಕೊಳ್ಳುವ ಕೆಲಸವನ್ನು ಇಬ್ಬರೂ ಕೂಡಿ ಶುರುಮಾಡಿದ್ದು. ಪಾಲುದಾರನಾದವನು ಅಂಥ ಮಾತಿಗೆ ನಗಬಹುದೇ? ನಕ್ಕಿದ್ದರೆ ಯಾರ ಕಡೆಯವನಾಗಿ ನಕ್ಕ?

"ನೀರು ಬಿಟ್ರೆ ಇಳಿಯಲ್ಲ, ಮೇಲೇ ನಿಲ್ಲತ್ತೆ. ಕುರ್ಚಿ ಹಾಕಿದ ಕಡೆ ಎಲ್ಲಾ ಬೋಳು" ಎಂದು ವಿಜಯಸಾರಥಿ ಈಗ ದೇವರಾಜ್‌ನನ್ನು ಮಾತ್ರ ನೋಡುತ್ತ ಹೇಳಿದ. "ಮುಂದಿನ ತಿಂಗಳು ಕೊನೆಗೆ ಮೈಸೂರಿನವರ ರಿಸೆಪ್ಷನ್ ಇದೆ ರೀ. ಹಾಸನದ ಲಾನ್ ಕೆಲಸದವರ ಹತ್ರ ನೆಲ ತೂತು ಮಾಡೋ ಮಷೀನ್ ಇದೆಯಂತೆ, ನಾವೇ ಬರ್ತೀವಿ ಅಂತಿದಾರೆ. ನಿಮಗೆ ಮಾಡೋಕಾದ್ರೆ ಇವತ್ತು ಸಂಜೆ ಒಳಗೆ ಒಂದು ಮಷೀನ್ ತಂದು ಕೆಲಸ ಶುರು ಮಾಡಿ ತೋರಿಸಿ. ಇಲ್ಲಾಂದ್ರೆ ಹೇಳಿಬಿಡಿ, ಬೇಜಾರಿಲ್ಲ."

"ತತ್ತೀವಿ ಸಾರ್" ಎಂದ ದೇವರಾಜ್.

ದೇವರಾಜ್‌ಗೆ ರೀ, ತನಗೆ ಕಣೋ. ಗೂಡ್ಸ್ ಆಟೋದಲ್ಲಿ ಹಳೇಬೀಡು ದಾಟುವವರೆಗೂ ಸತೀಶ ಇದನ್ನೇ ಮಗುಚಿ ಹಾಕುತ್ತಿದ್ದ. ದೇವರಾಜ್ ಪಿಯುಸಿ ಮುಗಿಸಿದ್ದ, ಫೋನಿನಲ್ಲಿ ಮಾತಾಡುವವನು ಅವನು, ಬಿಲ್ಲು ಬರೆಯುವವನು ಅವನು. ನೆಲದಲ್ಲಿ ಕೂರುವವನು ಸತೀಶ. ಕೆಲಸವನ್ನು ಹೀಗೆ ಹಂಚಿಕೊಂಡದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗುತ್ತಿರಲಿಲ್ಲ. ಯಾರೂ ಕೂತು ಮಾತಾಡಿ ಹಂಚಿರಲಿಲ್ಲ. ಆದರೆ ಈ ರೆಸಾರ್ಟ್ ಕೈಬಿಟ್ಟರೆ ಹಂಚಿಕೊಳ್ಳಲು ಏನೂ ಉಳಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಹುಲಿಕೆರೆ ರಸ್ತೆಯ ಸುತ್ತಲಿನ ಹೋಂಸ್ಟೇಯವರೆಲ್ಲ ಈ ಲಾನನ್ನು ನೋಡಿಯೇ ಇವರನ್ನು ಕರೆದದ್ದು, ಇದು ಹೋದರೆ ಅವರೂ ಒಬ್ಬೊಬ್ಬರಾಗಿ ಹಾಸನದವರ ನಂಬರ್ ಕೇಳುತ್ತಾರೆ. ಆಮೇಲೆ ಸತೀಶ ಮತ್ತೆ ಯಾರದೋ ಕೈಕೆಳಗೆ ಹುಲ್ಲು ಕತ್ತರಿಸಲು ಹೋಗಬೇಕು. ದೇವರಾಜ್ ಹೋಗಬೇಕಿಲ್ಲ. ಅವನನ್ನು ಹಾಸನದವರೇ ಕರೆದು ಕೂರಿಸಿಕೊಳ್ಳುತ್ತಾರೆ. ಈಗಾಗಲೇ ಕರೆದಿಲ್ಲ ಎಂದು ಹೇಗೆ ಹೇಳುವುದು? ವಿಜಯಸಾರಥಿ ಹಾಸನದವರು ಎಂದಾಗ ದೇವರಾಜ್ ಯಾವ ಹಾಸನದವರು ಎಂದು ಕೇಳಲಿಲ್ಲ.

ಲಾನು ಕೆಟ್ಟದ್ದು ಯಾಕೆಂದು ಸತೀಶನಿಗೆ ಗೊತ್ತಿತ್ತು. ಹುಲ್ಲು ಹಾಸುವ ಮೊದಲು ಆ ಜಾಗ ಜೋಳದ ಹೊಲವಾಗಿತ್ತು, ತಗ್ಗು ತುಂಬಲು ಏನು ಹಾಕೋಣ ಎಂದು ವಿಜಯಸಾರಥಿ ಕೇಳಿದಾಗ ಕೆರೆಗೋಡು ಎಂದವನು ಅವನೇ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಅದರ ಗೋಡನ್ನು, ತಳದ ಜಿಗುಟು ಮಣ್ಣನ್ನು, ಟ್ರಾಕ್ಟರಿನಲ್ಲಿ ಹೊಡೆದು ಹೊಲಕ್ಕೆ ಹರಡುವುದನ್ನು ಹುಟ್ಟಿದಾಗಿನಿಂದ ನೋಡಿದವನು. ಗೋಡು ಬಿದ್ದ ಹೊಲ ಬೇರೆಯಾಗಿಯೇ ಕಾಣುತ್ತದೆ. ಆದರೆ ಹೊಲವನ್ನು ವರ್ಷವರ್ಷ ಉಳುತ್ತಾರೆ. ಲಾನನ್ನು ಯಾರೂ ಉಳುವುದಿಲ್ಲ, ಅದರ ಮೇಲೆ ನಡೆಯುತ್ತಾರೆ, ಕುರ್ಚಿ ಹಾಕುತ್ತಾರೆ, ಶಾಮಿಯಾನದ ಗೂಟ ಹೊಡೆಯುತ್ತಾರೆ, ಐಸ್‌ಕ್ರೀಮ್ ಗಾಡಿ ಎಳೆದು ನಿಲ್ಲಿಸುತ್ತಾರೆ. ಗೋಡು ಇಟ್ಟಿಗೆಯ ಹಾಗೆ ಕಚ್ಚಿಕೊಂಡಿತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ದೇವರಾಜ್‌ಗೆ ಮಾತ್ರ ಅರ್ಧ ಹೇಳಿದ್ದ: ಗೋಡು ಗಟ್ಟಿಯಾಗಿದೆ, ಮೊಳೆಯಲ್ಲಿ ಚುಚ್ಚಿದರೆ ಪಕ್ಕಕ್ಕೆ ಒತ್ತಿಕೊಂಡು ಇನ್ನೂ ಗಟ್ಟಿಯಾಗುತ್ತದೆ, ಮಣ್ಣನ್ನು ಕಿತ್ತು ಹೊರಗೆ ತೆಗೆದು ಆ ತೂತಿಗೆ ಮರಳು ತುಂಬಬೇಕು. ಗೋಡು ಹಾಕಿಸಿದ್ದು ಯಾರೆಂಬುದನ್ನು ಮಾತ್ರ ಹೇಳಿರಲಿಲ್ಲ. ದೇವರಾಜ್ ಕೇಳಲೂ ಇಲ್ಲ. ಗೊತ್ತಿದ್ದೇ ಕೇಳಲಿಲ್ಲವೇ ಎಂದು ಈಗ ಅನಿಸಿತು. ಬೇಕಾದಾಗ ತೆಗೆಯಲು ಇಟ್ಟುಕೊಂಡಿದ್ದಾನೆ.

"ಅವ್ನ ಮಾತು ತಲೆಗೆ ಹಾಕ್ಕಬೇಡ ಕಣ್ಲಾ" ಎಂದ ದೇವರಾಜ್ ಸ್ಟಿಯರಿಂಗ್ ಹಿಡಿದುಕೊಂಡೇ.

"ಯಾವ ಮಾತು?"

ದೇವರಾಜ್ ಅವನ ಕಡೆ ಒಮ್ಮೆ ನೋಡಿ ಮತ್ತೆ ರಸ್ತೆ ನೋಡಿದ. "ಏನಿಲ್ಲ ಬಿಡು."

ಜಾವಗಲ್‌ನ ಹತ್ತಿರ ರಸ್ತೆಗೆ ಅಡ್ಡವಾಗಿ ಒಂದು ಕುರಿಹಿಂಡು ಬಂತು. ದೇವರಾಜ್ ಹಾರನ್ ಹೊಡೆಯದೆ ಆಟೋ ನಿಲ್ಲಿಸಿ ಕಾದ. ಬೇರೆ ದಿನ ಹೊಡೆಯುತ್ತಿದ್ದ. ಇವತ್ತು ಹೊಡೆಯದಿರುವುದು ತನಗಾಗಿ, ಮೆತ್ತಗೆ ನಡೆಸಿಕೊಳ್ಳಲಿಕ್ಕಾಗಿ ಎಂದು ಸತೀಶನಿಗೆ ಅನಿಸಿತು. ಕೈ ಚಾಚಿ ತಾನೇ ಹಾರನ್ ಒತ್ತಿದ, ಒತ್ತಿಹಿಡಿದ. ಕುರಿಗಳು ಒಂದರ ಮೇಲೊಂದು ಹತ್ತಿದವು. ಕಂಬಳಿ ಹೊದ್ದ ಮುದುಕ ತಿರುಗಿ ನೋಡಿದ, ಬೈಯಲೂ ಇಲ್ಲ. ಅಪ್ಪನೂ ಹೀಗೆಯೇ ಬೈಯುತ್ತಿರಲಿಲ್ಲ. ಅಪ್ಪ ಚಿಕ್ಕಬೀರಯ್ಯನ ಮಂದೆ ಎಂದರೆ ಸುಗ್ಗಿ ಮುಗಿದ ಮೇಲೆ ಊರೂರಿಂದ ಹೇಳಿಕಳಿಸುತ್ತಿದ್ದರು, ನಮ್ಮ ಹೊಲದಲ್ಲಿ ಒಂದು ವಾರ ಹಾಕು ಎಂದು. ರಾತ್ರಿಯೆಲ್ಲ ಕುರಿಗಳು ಹೊಲದಲ್ಲೇ ಮಲಗಿದರೆ ಗೊಬ್ಬರ ಬೇಕಿರಲಿಲ್ಲ. ಚಂದ್ರಶೇಖರಯ್ಯ ಮೇಷ್ಟ್ರ ಹೊಲದಲ್ಲೂ ಅಪ್ಪ ಹಾಕುತ್ತಿದ್ದ, ಅವರ ಮಗ ವಿಜಯಸಾರಥಿ ಆಗ ಕಾಲೇಜಿಗೆ ಹೋಗುತ್ತಿದ್ದ. ಒಂದು ಬೆಳಗ್ಗೆ ಹಿಂಡನ್ನು ಎಬ್ಬಿಸಿಕೊಂಡು ಹೋಗುವಾಗ ಕೆಲವು ಕುರಿಗಳು ಮೇಷ್ಟ್ರ ಮನೆಯ ಮುಂದಿನ ದಾರಿಯಲ್ಲಿ ನುಗ್ಗಿದವು. ಸತೀಶ ಸ್ಕೂಲಿನ ಅಂಗಿ ಹಾಕಿಕೊಂಡು ಹಿಂದೆ ಬರುತ್ತಿದ್ದ. ಮೇಷ್ಟ್ರ ಹೆಂಡತಿ ವೇದವಲ್ಲಿ ರಂಗೋಲಿ ಬಟ್ಟಲು ಹಿಡಿದು ನಿಂತಿದ್ದರು. "ದಾರಿ ಮೇಲೆ ಬಿದ್ದಿದ್ದನ್ನ ಒಂಚೂರು ಆರಿಸಿಬಿಡಪ್ಪ, ಓಡಾಡ್ತೀವಿ" ಎಂದರು. ಮೆತ್ತಗೆ ಹೇಳಿದರು, ಪುಟ್ಟಿಯನ್ನೂ ಕೊಟ್ಟರು. ಅವನು ಕೂತು ಹಿಕ್ಕೆ ಆರಿಸತೊಡಗಿದ. ಒಂದೊಂದೇ. ಹಿಕ್ಕೆ ಇನ್ನೂ ಬೆಚ್ಚಗಿತ್ತು. ಸ್ಕೂಲಿಗೆ ಹೋಗುವ ಹುಡುಗ ಹುಡುಗಿಯರು ಅವನನ್ನು ಸುತ್ತಿಕೊಂಡು, ತುಳಿಯದ ಹಾಗೆ ಎಚ್ಚರವಾಗಿ ಕಾಲಿಟ್ಟು ಹೋದರು. ಮೇಷ್ಟ್ರು ಸೈಕಲ್ ತಳ್ಳಿಕೊಂಡು ಹೊರಗೆ ಬಂದು, "ಬೇಗ ಮುಗಿಸಿ ಬಾರಯ್ಯ, ಪ್ರೇಯರ್‌ಗೆ ಲೇಟಾಗತ್ತೆ" ಎಂದರು. ಯಾರೂ ಕೆಟ್ಟದಾಗಿ ಏನೂ ಹೇಳಿರಲಿಲ್ಲ. ಎಷ್ಟೋ ವರ್ಷ ಅವನು ಆ ಬೆಳಗ್ಗೆಯೊಳಗೆ ಒಂದು ಕೆಟ್ಟ ಮಾತನ್ನು ಹುಡುಕಿದ್ದಾನೆ, ಸಿಕ್ಕಿದ್ದರೆ ಸುಲಭವಾಗುತ್ತಿತ್ತು. ಆ ವರ್ಷವೇ ಸ್ಕೂಲು ಬಿಟ್ಟ. ಯಾಕೆ ಎಂದು ಅಮ್ಮ ಕೇಳಿದಾಗ ಲೆಕ್ಕ ಹತ್ತಲ್ಲ ಎಂದಿದ್ದ.

ಹಾರನಹಳ್ಳಿ ಹೋಯಿತು, ತೆಂಗಿನ ತೋಟಗಳು ಹೋದವು. ಅರಸೀಕೆರೆಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಗೇಟಿನಲ್ಲಿ ನಿಂತಾಗ ದೇವರಾಜ್‌ನ ಫೋನು ಬಡಿದುಕೊಂಡಿತು, ಅವನು ನೋಡಿ ಕಟ್ ಮಾಡಿ ಬೋರಲು ಹಾಕಿದ.

"ಯಾರು?"

"ಯಾವ್ದೋ ಲೋನಿಂದು."

ಲೋನಿನವರ ಫೋನನ್ನು ಬೋರಲು ಯಾಕೆ ಹಾಕಬೇಕು.

ಅಂಗಡಿ ಕೊಬ್ಬರಿ ಮಂಡಿಗಳ ಹಿಂದಿನ ರಸ್ತೆಯಲ್ಲಿತ್ತು. ಕಾಯಿ ಸುಲಿಯುವ ಯಂತ್ರ, ಟಿಲ್ಲರ್, ಔಷಧಿ ಹೊಡೆಯುವ ಪಂಪು, ಎಲ್ಲದರ ಮೇಲೂ ಪ್ಲಾಸ್ಟಿಕ್ ಹೊದಿಕೆ. ಮಾಲೀಕ ಆದಿತ್ಯ ಎಂಬ ಹುಡುಗ, ಸತೀಶನದೇ ವಯಸ್ಸು, ಟೀ ಶರ್ಟು, ಹಣೆಯ ಮೇಲೆ ಬೆಳಗ್ಗೆಯ ಪೂಜೆಯ ಗುರುತು. "ಬನ್ನಿ ಬನ್ನಿ ದೇವರಾಜ್" ಎಂದು ಎದ್ದು ಬಂದ. ಆಮೇಲೆ ಸತೀಶನನ್ನು ನೋಡಿ, "ಓ, ಇವರೇನಾ ನೀವು ಅವತ್ತು ಹೇಳಿದ್ದು?" ಎಂದ.

ಸತೀಶ ದೇವರಾಜ್ ಕಡೆ ತಿರುಗಿದ. "ಅವತ್ತು ಅಂದ್ರೆ ಯಾವತ್ಲಾ?"

"ಹೋದ ವಾರ ಬಂದಿದ್ದೆ. ಸುಮ್ನೆ, ಯಾವ್ಯಾವುದು ಐತೆ ನೋಡನ ಅಂತ."

"ನಂಗೆ ಹೇಳ್ಲಿಲ್ಲ."

"ಹೇಳಿದ್ರೆ ಬ್ಯಾಡ ಅಂತಿದ್ದೆ. ನಾನೇನು ಹೇಳಿದ್ರೂ ಬ್ಯಾಡ ಅಂತೀಯ ನೀನು."

ಆದಿತ್ಯ ನಕ್ಕು, "ಟೀ ಹೇಳ್ತೀನಿ" ಎಂದು ಒಳಗೆ ಹೋದ. ಹೋದ ವಾರ ದೇವರಾಜ್ ಅಕ್ಕನ ಮನೆಗೆ ಹೋಗುತ್ತೇನೆ ಎಂದು ಒಂದು ದಿನ ಬಿಟ್ಟಿದ್ದ. ಅಕ್ಕನ ಮನೆ ಇರುವುದು ಬಾಣಾವರದಲ್ಲಿ. ಬಾಣಾವರಕ್ಕೆ ಅರಸೀಕೆರೆಯ ಮೇಲೂ ಹೋಗಬಹುದು, ಅದೂ ನಿಜ. ನಿಜವಾದ ಮಾತಿನೊಳಗೇ ಸುಳ್ಳು ಇಡುವುದು ದೇವರಾಜ್‌ನಂಥವರಿಗೆ ಕಲಿಸಬೇಕಿಲ್ಲ ಎಂದುಕೊಂಡ. ಆದಿತ್ಯನ ಮುಖ ವಿಜಯಸಾರಥಿಯ ಕಡೆಯವರ ಹಾಗಿದೆಯೇ? ಮೂಗು ಇರಬಹುದು. ಸೋದರಮಾವನ ಕಡೆ, ಚಿಕ್ಕಪ್ಪನ ಕಡೆ, ಹೇಗೋ ಒಂದು ಕಡೆ ಇರುತ್ತಾರೆ. ಬೆಳಗ್ಗೆ ಬೈದು ಕಳಿಸಿದವನು, ಇಲ್ಲಿ ಟೀ ಕೊಡುವವನು, ನಡುವೆ ಕರೆತಂದವನು, ಮೂವರೂ ಸೇರಿ ಯಾವುದೋ ಒಂದು ಯಂತ್ರವನ್ನು ಇವನ ತಲೆಗೆ ಕಟ್ಟಲು ಕೂತಿದ್ದಾರೆ. ಕೂಡಿಟ್ಟ ದುಡ್ಡಿಗೆ ಬರುವುದು ಒಂದೇ ಯಂತ್ರ. ಆರಿಸಿದ ಮೇಲೆ ವಾಪಸ್ಸು ಇಲ್ಲವೆಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದರು.

ಯಂತ್ರಗಳು ಎರಡು. ಒಂದು ಉರುಳೆ: ಸಣ್ಣ ಪೀಪಾಯಿಯಂಥ ಕಬ್ಬಿಣದ ಡ್ರಮ್ಮು, ಮೈತುಂಬ ಬೆರಳುದ್ದದ ಮೊಳೆಗಳು, ಒಳಗೆ ನೀರು ತುಂಬಿ ಭಾರ ಮಾಡಿ ತಳ್ಳಿಕೊಂಡು ಹೋಗುವುದು. ಇನ್ನೊಂದು ಪೆಟ್ರೋಲಿನದು. ಅದರ ಹೊಟ್ಟೆಯ ಕೆಳಗೆ ಹಲ್ಲುಗಳಿದ್ದವು, ಆದರೆ ಆ ಹಲ್ಲುಗಳು ಟೊಳ್ಳು, ಕೊಳವೆಯ ಹಾಗೆ. ನೆಲಕ್ಕೆ ಇಳಿದು ಮಣ್ಣನ್ನು ಒಳಗೆ ತುಂಬಿಕೊಂಡು ಕಿತ್ತು ಮೇಲೆ ಉದುರಿಸುತ್ತವೆ. ಸತೀಶ ಕುಕ್ಕರುಗಾಲಲ್ಲಿ ಕೂತು ಒಂದು ಟೊಳ್ಳು ಹಲ್ಲಿನೊಳಗೆ ಕಿರುಬೆರಳು ಹಾಕಿ ನೋಡಿದ. ಅಂಚು ಚೂಪಾಗಿತ್ತು. ತನಗೇ ಗೊತ್ತಿಲ್ಲದೆ ಅವನಿಗೆ ಖುಷಿಯಾಯಿತು. ಇದೇ. ರೆಸಾರ್ಟಿನ ಲಾನಿನ ಬೋಳು ಜಾಗದಲ್ಲಿ ಅಂಗೈ ಇಟ್ಟು ಎಷ್ಟೋ ಸಲ ಯೋಚಿಸಿದ್ದು ಇದೇ, ಹೀಗೊಂದು ಇದ್ದರೆ ಎಂದು. ಆ ಖುಷಿ ಮುಖದ ಮೇಲೆ ಬಂತೋ ಏನೋ, ತಲೆಯೆತ್ತಿದಾಗ ದೇವರಾಜ್ ಅವನನ್ನೇ ನೋಡುತ್ತಿದ್ದ. ಸತೀಶ ಬೆರಳು ಹೊರಗೆ ತೆಗೆದು ಪ್ಯಾಂಟಿಗೆ ಒರೆಸಿಕೊಂಡ.

"ಇದೇ ಅಲ್ವೇನ್ಲಾ?" ಎಂದ ದೇವರಾಜ್.

"ಓಡಿಸಿ ನೋಡ್ದೆ ಹೆಂಗ್ ಹೇಳಾದು."

ಅಂಗಡಿಯ ಪಕ್ಕದ ಕಲ್ಯಾಣಮಂಟಪದ ಹಿಂದೆ ಒಂದು ಪಟ್ಟೆ ಹುಲ್ಲಿತ್ತು, ಗಿರಾಕಿಗಳಿಗೆ ಓಡಿಸಿ ತೋರಿಸಲೆಂದು ಆದಿತ್ಯ ಅದಕ್ಕೆ ದಿನಾ ನೀರು ಬಿಡಿಸುತ್ತಿದ್ದ. ಪೆಟ್ರೋಲಿನ ಯಂತ್ರ ಗುಡುಗುಡು ಎಂದು ಶುರುವಾಯಿತು. ಹಿಡಿಯನ್ನು ಸತೀಶನ ಕೈಗೆ ಕೊಟ್ಟರು. ಹಿಡಿ ನಡುಗುತ್ತಿತ್ತು, ಆ ನಡುಕ ಮೊಣಕೈಯವರೆಗೆ ಬಂತು, ಹಲ್ಲುಗಳು ನೆಲಕ್ಕೆ ಇಳಿಯುವುದು, ಕಚ್ಚುವುದು, ಬಿಡುವುದು ಎಲ್ಲ ಅಂಗೈಗೆ ಗೊತ್ತಾಗುತ್ತಿತ್ತು. ಬೆಳಗ್ಗೆಯಿಂದ ಮೊದಲನೇ ಸಲ ಅವನ ತಲೆಯೊಳಗೆ ಯಾರೂ ಮಾತಾಡುತ್ತಿರಲಿಲ್ಲ. ಕಾಂಪೌಂಡಿನ ತನಕ ಹೋಗಿ ಎಂಜಿನ್ ನಿಲ್ಲಿಸಿ ಬಗ್ಗಿ ಒಂದು ತೂತಿಗೆ ಬೆರಳಿಟ್ಟ. ತೂತಿನ ಗೋಡೆ ಒರಟಾಗಿತ್ತು, ತೆರೆದಿತ್ತು, ಬೆರಳ ತುದಿಗೆ ತಂಪು. ಆಮೇಲೆ ತಿರುಗಿ ಬಂದ ದಾರಿ ನೋಡಿದ.

ಹುಲ್ಲಿನ ತುಂಬ ಉಂಡೆಗಳು. ಕಪ್ಪು, ಗುಂಡು, ತುಂಡು ತುಂಡಾದ ಮಣ್ಣಿನ ಉಂಡೆಗಳು, ಬಿಸಿಲಿಗೆ ಹೊಳೆಯುತ್ತ, ಅವನು ನಡೆದು ಬಂದ ಉದ್ದಕ್ಕೂ ಹಿಂಬಾಲಿಸಿ ಬಂದಿದ್ದವು.

ಮಂಟಪದ ಮೆಟ್ಟಿಲು ಗುಡಿಸುತ್ತಿದ್ದ ಹೆಂಗಸು ಪೊರಕೆ ಸೊಂಟಕ್ಕಿಟ್ಟು ನೋಡಿದಳು. "ಅಯ್ಯ, ಇದ್ಯಾರಪ್ಪ ಕುರಿ ನುಗ್ಸಿರದು. ನಾನಂತೂ ಬಳಿಯಾಕಿಲ್ಲ, ಈಗ್ಲೇ ಹೇಳಿವ್ನಿ."

ಆದಿತ್ಯ ನಕ್ಕ. "ಬಳಿಯೋದು ಬೇಡಮ್ಮ. ಆರಿಸ್ಲೂಬಾರದು. ಹಾಗೇ ಬಿಟ್ರೆ ಒಂದೆರಡು ವಾರಕ್ಕೆ ಒಡೆದು ಹುಲ್ಲಿಗೇ ಇಳಿಯತ್ತೆ, ಅದೇ ಗೊಬ್ಬರ." ದೇವರಾಜ್ ಕೂಡ ನಕ್ಕ. ಈ ಸಲ ಸತೀಶ ನೇರವಾಗಿ ನೋಡಿದ. ಅದು ನಗುವೇ. ಆದರೆ ಬೆಳಗ್ಗೆ ಕಂಡದ್ದೂ ಇದೇ ನಗುವೋ ಬೇರೆಯೋ ಎಂಬುದು ಈ ನಗುವಿನಿಂದ ಗೊತ್ತಾಗುವಂತಿರಲಿಲ್ಲ. ಅವನಿಗೆ ರೆಸಾರ್ಟಿನ ಲಾನು ಕಂಡಿತು. ಆ ಲಾನಿನ ಉದ್ದಗಲಕ್ಕೂ ಈ ಉಂಡೆಗಳು, ಒಂದು ವಾರ, ಎರಡು ವಾರ. ಬೇಲೂರು ನೋಡಿಕೊಂಡು ಬಂದವರು ಅವುಗಳ ನಡುವೆ ಎಚ್ಚರವಾಗಿ ಕಾಲಿಡುತ್ತಾರೆ, ಅಡುಗೆಮನೆಯ ಬಾಗಿಲಿನ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ, ವಿಜಯಸಾರಥಿ ಬಂದು ನಿಲ್ಲುತ್ತಾನೆ. ಅವನು ಏನೂ ಹೇಳಬೇಕಿಲ್ಲ. ಬೆಳಗ್ಗೆಯೇ ಹೇಳಿಯಾಗಿದೆ. ಇಲ್ಲ, ಹೇಳುತ್ತಾನೆ, ಮೆತ್ತಗೆ, ಒಂಚೂರು ಆರಿಸಿಬಿಡೋ ಎನ್ನುತ್ತಾನೆ. ಆರಿಸಬಾರದು ಸಾರ್, ಅದು ಗೊಬ್ಬರ, ಎಂದು ಇವನು ಹೇಳಬೇಕು. ಚಿಕ್ಕಬೀರಯ್ಯನ ಮಗ, ಆ ಲಾನಿನ ಮೇಲೆ ನಿಂತುಕೊಂಡು.

ಫೋನು ಬಂತು. ಹೆಂಡತಿ ನಂದಿತಾ.

"ನೋಡಿದ್ರಾ ಮಷೀನು?"

"ನಿಂಗ್ಯಾರು ಹೇಳಿದ್ದು?"

"ದೇವಣ್ಣ ಬೆಳಿಗ್ಗೆ ಫೋನ್ ಮಾಡಿದ್ರು. ಯಾಕೋ ಮನಸ್ಸು ಸರಿಯಿಲ್ಲ ಅವ್ನಿಗೆ, ನೀನೊಂದು ಮಾತು ಆಡು ಅಂದ್ರು. ಯಾವ್ದಾದ್ರೂ ನೀವೇ ಆರಿಸ್ಬೇಕಂತೆ. ಕೋಪದಾಗೆ ಏನೂ ಮಾಡ್ಕಬೇಡಿ ಕಣ್ರೀ, ಅಷ್ಟೇ."

ಅವನು ಫೋನು ಕಿವಿಯಲ್ಲಿಟ್ಟುಕೊಂಡೇ ದೇವರಾಜ್‌ನನ್ನು ನೋಡಿದ. ದೇವರಾಜ್ ಬಗ್ಗಿ ತೂತುಗಳನ್ನು ನೋಡುತ್ತಿದ್ದ. ಬೆಳಗ್ಗೆ ಯಾವಾಗ ಮಾಡಿದ? ಡೀಸೆಲ್ ಹಾಕಿಸುವಾಗ ಇಳಿದು ಆ ಕಡೆ ಹೋಗಿದ್ದ. ಹಾಗಾದರೆ ವಿಜಯಸಾರಥಿ ಅಂದದ್ದನ್ನೂ ಹೇಳಿದ್ದಾನೆ. ನಂದಿತಾಗೆ ಗೊತ್ತು, ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಮಾತಾಡುತ್ತಿದ್ದಾಳೆ. ಸಂಜೆ ಮನೆಗೆ ಹೋದಾಗ ಊಟಕ್ಕೆ ಏನಾದರೂ ವಿಶೇಷ ಮಾಡಿರುತ್ತಾಳೆ. ಅಪ್ಪನಿಗೂ ಹೇಳಿರುತ್ತಾಳೆ, ಅಪ್ಪ ಏನೂ ಆಗದವನಂತೆ ಕಂಬಕ್ಕೆ ಒರಗಿ ಕೂತಿರುತ್ತಾನೆ. ಎಲ್ಲರೂ ಮೆತ್ತಗೆ ಇರುತ್ತಾರೆ.

"ಉರುಳೆ ತಗಳನ" ಎಂದ ಸತೀಶ.

ದೇವರಾಜ್ ಎದ್ದು ನಿಂತ. "ಏನು?"

"ಆ ಮೊಳೆದು. ಅದೇ ಸರಿ."

"ತಮಾಸೆ ಮಾಡ್ಬೇಡ ಕಣ್ಲಾ."

"ತಮಾಸೆ ಯಾಕೆ ಮಾಡ್ಲಿ? ಇದು ಪೆಟ್ರೋಲ್ ಕುಡೀತದೆ. ಹಲ್ಲು ಮುರುದ್ರೆ ಬೆಂಗ್ಳೂರಿಂದ ಬರಬೇಕು. ಅಲ್ಲಿ ಕೆಳಗೆ ನೀರಿನ ಪೈಪ್ ಐತೆ, ಒಡೀತದೆ. ಆಟೋಕ್ಕೆ ಎತ್ತಾಕೆ ನಾಕು ಜನ ಬೇಕು." ಒಂದೊಂದು ಕಾರಣವನ್ನೂ ಹೇಳುವಾಗ ಅದು ಅವನಿಗೆ ನಿಜವಾಗಿಯೇ ಕಂಡಿತು. ಪೈಪನ್ನು ಹಾಕಿದವನು ಅವನೇ, ಅದು ಹಲ್ಲು ಮುಟ್ಟದಷ್ಟು ಆಳದಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಆದರೆ ನೆಲದೊಳಗಿನದು, ಯಾರು ಕಂಡಿದ್ದಾರೆ.

"ಮೊಳೆ ಚುಚ್ಚಿದ್ರೆ ಗೋಡು ಇನ್ನೂ ಗಟ್ಟಿಯಾಯ್ತದೆ ಅಂತ ನೀನೇ ಅಲ್ವೇನ್ಲಾ ಹೇಳಿದ್ದು?"

"ನಾನ್ಯಾವಾಗ ಹೇಳ್ದೆ?"

ಆದಿತ್ಯ ಇಬ್ಬರ ಮುಖವನ್ನೂ ನೋಡಿದ. "ಉರುಳೆಯೂ ಹೋಗತ್ತೆ. ಮರಳು ಮಣ್ಣಾದ್ರೆ ಏನೂ ತೊಂದ್ರೆ ಇಲ್ಲ. ಜೇಡಿ ಇದ್ರೆ ಮಾತ್ರ..." ಎಂದು ಅರ್ಧಕ್ಕೆ ನಿಲ್ಲಿಸಿ, ಸತೀಶನ ಕಡೆ ತಿರುಗಿದ. "ಅಣ್ಣಾ, ನೀವು ಹೇಳೋವರ್ಗೂ ಯಾವ್ದನ್ನೂ ತಗೊಳ್ಳಲ್ಲ ಅಂತ ಇವರು ಅವತ್ತೇ ಹೇಳಿದಾರೆ. ಮಣ್ಣು ಗೊತ್ತಿರೋರು ನೀವು. ನೀವೇ ಹೇಳ್ಬೇಕು."

ಹೊಗಳಿಕೆ. ಮಾರುವವನು ಹೊಗಳುತ್ತಾನೆ. ದೇವರಾಜ್ ನಿಜವಾಗಿ ಹಾಗೆ ಹೇಳಿದ್ದರೆ ಅದನ್ನು ತನ್ನ ಮುಂದೆ ಯಾಕೆ ಎಂದೂ ಹೇಳಿಲ್ಲ? ಹೇಳಿಕೊಟ್ಟು ಹೇಳಿಸುತ್ತಿದ್ದಾನೆ. "ಹೇಳಿದ್ನಲ್ಲ" ಎಂದ ಸತೀಶ. "ಉರುಳೆ."

ದೇವರಾಜ್ ಒಂದು ಮಣ್ಣಿನ ಉಂಡೆಯನ್ನು ಎತ್ತಿ ಬೆರಳಲ್ಲಿ ಒಡೆದ. ಆಮೇಲೆ, "ಸರಿ. ನೀನು ಹೇಳಿದ್ಮ್ಯಾಕೆ ಮುಗೀತು" ಎಂದು ಆಟೋ ಹಿಂದಕ್ಕೆ ತರಲು ಹೋದ. ಇಷ್ಟು ಬೇಗ ಒಪ್ಪುತ್ತಾನೆಂದು ಸತೀಶ ಅಂದುಕೊಂಡಿರಲಿಲ್ಲ. ಜಗಳವಾಡಲು ಇನ್ನೂ ಎರಡು ಕಾರಣಗಳನ್ನು ಬಾಯಲ್ಲಿ ಇಟ್ಟುಕೊಂಡಿದ್ದ. ಉರುಳೆಯನ್ನು ಎತ್ತಿ ಆಟೋಕ್ಕೆ ಹಾಕುವಾಗ, ಹಗ್ಗ ಬಿಗಿಯುವಾಗ, ಮತ್ತೆ ಗೇಟು ಬಿದ್ದು ಉದ್ದನೆಯ ಗೂಡ್ಸ್ ರೈಲು ಹಾಯುವಾಗ, ಅವನಿಗೆ ಬೇರೊಂದು ಯೋಚನೆ ಹತ್ತಿತು: ದೇವರಾಜ್‌ಗೆ ಬೇಕಾದದ್ದು ಇದೇ ಇರಬೇಕು. ಉರುಳೆಯೇ. ಲಾನು ಸರಿಹೋಗಬಾರದು, ಕೆಲಸ ಹಾಸನದವರಿಗೆ ಹೋಗಬೇಕು, ತಪ್ಪು ಸತೀಶನದು ಎಂದು ಎಲ್ಲರಿಗೂ ಗೊತ್ತಿರಬೇಕು. ಟೊಳ್ಳು ಹಲ್ಲಿನದನ್ನು ಹೊಗಳಿದರೆ ಇವನು ಬೇಡವೆನ್ನುತ್ತಾನೆ ಎಂದು ಗೊತ್ತಿದ್ದೇ ಹೊಗಳಿದ. ವಾಪಸ್ಸು ಇಲ್ಲವೆಂದು ಬರೆದಿದ್ದರೂ ಈಗ ಇಳಿದು ಹೋಗಿ ಕೇಳಿ ಬದಲಾಯಿಸಿಕೊಂಡು ಬರೋಣ ಎನ್ನಬಹುದಿತ್ತು. ಅಂಗಡಿ ಇನ್ನೂ ಕಾಣುತ್ತಿತ್ತು. ಗೇಟು ಎದ್ದಿತು. ಹಿಂದಿನವರು ಹಾರನ್ ಹೊಡೆದರು. ದೇವರಾಜ್ ಗೇರಿಗೆ ಹಾಕಿದ.

ರೆಸಾರ್ಟಿಗೆ ಬಂದಾಗ ಬಿಸಿಲು ಇನ್ನೂ ಇತ್ತು. ಡ್ರಮ್ಮಿಗೆ ನೀರು ತುಂಬಿದರು. ಸತೀಶ ಯಾರನ್ನೂ ಹತ್ತಿರ ಬಿಡದೆ ಒಬ್ಬನೇ ಹಿಡಿಯನ್ನು ಎದೆಗೆ ಕೊಟ್ಟು ತಳ್ಳಿದ. ಮೊಳೆಗಳು ಕಚಕಚ ಎಂದು ಇಳಿದವು. ಬೋಳು ಜಾಗದಲ್ಲಿ ಇಳಿಯಲೊಲ್ಲದೆ ಡ್ರಮ್ಮು ಮೇಲೇ ಕುಪ್ಪಳಿಸಿತು, ಅವನು ಇನ್ನೂ ಭಾರ ಬಿಟ್ಟು ತುಳಿಸಿದ. ಬೆವರು ಕಣ್ಣಿಗಿಳಿದು ಉರಿಯಿತು. ಹಿಂದೆ ತಿರುಗಿದರೆ ಹುಲ್ಲಿನ ಮೇಲೆ ಏನೂ ಇರಲಿಲ್ಲ, ಸಾಲಾಗಿ ಕಪ್ಪು ಚುಕ್ಕೆಗಳು ಮಾತ್ರ, ರಂಗೋಲಿಗೆ ಇಟ್ಟ ಹಾಗೆ ಸಮವಾಗಿ. ವಿಜಯಸಾರಥಿ ಜಗಲಿಯಿಂದ ಇಳಿದು ಬಂದ, ಬೇಲೂರಿಗೆ ಹೋಗಿ ಬಂದಿದ್ದ ಸಂಸಾರದ ಯಜಮಾನನೂ ಅವನ ಜೊತೆಗಿದ್ದ.

"ನೀಟಾಗಿದೆ ಕಣಯ್ಯ" ಎಂದ ವಿಜಯಸಾರಥಿ, ಬಗ್ಗಿ ಚುಕ್ಕೆಗಳ ಸಾಲನ್ನು ನೋಡುತ್ತ. "ನಾನು ಏನೋ ಎಲ್ಲಾ ಅಗೆದು ಗಲೀಜು ಮಾಡ್ತೀರೇನೋ ಅಂದ್ಕೊಂಡಿದ್ದೆ. ಹಾಸನದವರ ಮಷೀನ್ ಮಣ್ಣೆಲ್ಲ ಮೇಲೆ ಚೆಲ್ಲತ್ತಂತೆ." ಆಮೇಲೆ ಅತಿಥಿಗೆ ಕೇಳುವಂತೆ, "ಈ ಲಾನು ಪೂರ್ತಿ ಹಾಸಿದ್ದು ಇವನೇ ಸಾರ್. ನಮ್ಮೂರಿನವನೇ" ಎಂದ. ಅತಿಥಿ ವೆರಿ ಗುಡ್ ಎಂದ. ವಿಜಯಸಾರಥಿ ಸತೀಶನ ಭುಜದ ಮೇಲೆ ಕೈಯಿಟ್ಟ. "ಬೆಳಿಗ್ಗೆ ಏನೋ ಬಾಯಿಗೆ ಬಂತು ಸತೀಶ. ಮನಸ್ಸಿಗೆ ಹಚ್ಕೋಬೇಡ. ಹಾಸನದವರಿಗೆ ಬೇಡ ಅಂತ ಹೇಳಿಬಿಡ್ತೀನಿ. ರಿಸೆಪ್ಷನ್ ಹೊತ್ತಿಗೆ ಹಸಿರಾಗಿರ್ಬೇಕು, ಅಷ್ಟು ನೋಡ್ಕೋ." ಒಳಗೆ ತಿರುಗಿ ಇಬ್ಬರಿಗೂ ಕಾಫಿ ಕೊಡಿ ಎಂದ.

ಇಂಥ ಒಂದು ಮಾತಿಗಾಗಿಯೇ ದಿನವಿಡೀ ಹಲ್ಲು ಕಚ್ಚಿಕೊಂಡಿದ್ದರೂ ಬಂದಾಗ ಅದು ಸತೀಶನಿಗೆ ಎಲ್ಲಿಯೂ ತಾಗಲಿಲ್ಲ. ಭುಜದ ಮೇಲಿನ ಕೈ ಹೋದ ಮೇಲೂ ಅಲ್ಲಿ ಅದರ ಬಿಸಿ ಇತ್ತು. ದೇವರಾಜ್ ಪೈಪು ಎಳೆದುಕೊಂಡು ಬಂದು ಅವನ ಕೈಗೆ ಕೊಟ್ಟು ನಲ್ಲಿ ತಿರುಗಿಸಿದ. ಸತೀಶ ನೀರು ಬಿಟ್ಟ. ಚುಕ್ಕೆಗಳು ಒಂದೊಂದಾಗಿ ತುಂಬಿಕೊಂಡವು. ತುಂಬಿಕೊಂಡು ನಿಂತವು. ನೀರು ಇಳಿದರೆ ಏಳುವ ಗುಳ್ಳೆ ಎಲ್ಲಿಯೂ ಏಳಲಿಲ್ಲ. ಸಂಜೆಯ ಬೆಳಕಿನಲ್ಲಿ ಲಾನಿನ ತುಂಬ ಸಣ್ಣ ಸಣ್ಣ ನೀರಿನ ಬಾಯಿಗಳು ಹೊಳೆಯುತ್ತಿದ್ದವು, ಆಮೇಲೆ ಅವುಗಳ ಮೇಲಿಂದ ನೀರು ಹರಿದು ಒಂದಾಗಿ, ಮೊದಲು ನಿಲ್ಲುತ್ತಿದ್ದ ಹಾಗೆಯೇ ನಿಂತಿತು.

ದೇವರಾಜ್ ಮಂಡಿಯೂರಿ ಒಂದು ತೂತಿಗೆ ಬೆರಳಿಟ್ಟ. ಸತೀಶ ಇಡಲಿಲ್ಲ, ಇಡಬೇಕಾಗಿಯೂ ಇರಲಿಲ್ಲ.

"ಗಾರೆ ಮೆತ್ತಿದಂಗೈತೆ ಒಳಗೆ" ಎಂದ ದೇವರಾಜ್ ಮೆಲ್ಲಗೆ. ಬೆರಳು ತೆಗೆದು ಅದರ ತುದಿಯ ನುಣ್ಣನೆಯ ಮಣ್ಣನ್ನು ನೋಡಿದ. "ನಿಂಗೆ ಗೊತ್ತಿತ್ತು."

ಜಗಲಿಯಿಂದ ವಿಜಯಸಾರಥಿ ಕೇಳಿದ, "ಏನ್ರೀ ದೇವರಾಜ್, ನೀರು ಇಳೀತಾ ಇದೆಯಾ?"

ಈಗ ಹೇಳುತ್ತಾನೆ ಎಂದುಕೊಂಡ ಸತೀಶ. ಎಲ್ಲರೂ ಇದ್ದಾರೆ, ಹೆಂಗಸರು ಕಾಫಿ ಹಿಡಿದುಕೊಂಡು ಬರುತ್ತಿದ್ದಾರೆ, ಅತಿಥಿ ಇದ್ದಾನೆ. ನಾನು ಬೇಡ ಅಂದೆ ಸಾರ್, ಇವನೇ ಇದನ್ನು ಆರಿಸಿದ್ದು, ಲಾನು ಕೆಟ್ಟದ್ದೂ ಇವನು ಹಾಕಿಸಿದ ಗೋಡಿನಿಂದಲೇ. ಅಷ್ಟು ಸಾಕು. ದಿನವಿಡೀ ಕಾದಿದ್ದು ಇದಕ್ಕೇ ಎಂದು ಅನಿಸಿತು. ಹೇಳಲಿ ಎಂದು ಅವನು ಬಯಸಿದ.

ದೇವರಾಜ್ ಎದ್ದು ನಿಂತ. "ಇಳೀತಾ ಐತೆ ಸಾರ್" ಎಂದ, ಎಲ್ಲರಿಗೂ ಕೇಳುವಂತೆ. "ಮೊದ್ಲನೇ ಸಲ ಅಲ್ವಾ, ಸ್ವಲ್ಪ ಟೈಮ್ ತಗಂತದೆ."

"ಗುಡ್" ಎಂದ ವಿಜಯಸಾರಥಿ, ಅತಿಥಿಯ ಜೊತೆ ಒಳಗೆ ಹೋದ.

ಹೆಂಗಸೊಬ್ಬಳು ಎರಡು ಲೋಟ ಕಾಫಿಯನ್ನು ಕಟ್ಟೆಯ ಮೇಲಿಟ್ಟು ಹೋದಳು. ದೇವರಾಜ್ ಸತೀಶನ ಎದುರಿಗೆ ಬಂದು ನಿಂತ. ಅವನ ಮುಖದಲ್ಲಿ ಕೋಪವಿರಲಿಲ್ಲ. ಸತೀಶ ಅದನ್ನು ಹುಡುಕಿದ, ಚೂರಾದರೂ ಇರಬಹುದೆಂದು ಕಣ್ಣಿನ ಬಳಿ, ಬಾಯಿಯ ಬಳಿ ನೋಡಿದ. ದಣಿವು ಮಾತ್ರ ಕಂಡಿತು, ಕೆನ್ನೆಗೆ ಸಿಡಿದ ಕೆಸರು ಕಂಡಿತು.

"ರಿಸೆಪ್ಷನ್ ಹೊತ್ಗೆ ಇದು ಸತ್ತೋಗಿರ್ತದೆ" ಎಂದ ದೇವರಾಜ್. "ಆಗ್ಲಿ, ಹೋದ್ರೆ ಹೋಗ್ಲಿ. ಗೊತ್ತಿದ್ದೂ ಯಾಕ್ಲಾ ಹಿಂಗ್ ಮಾಡ್ದೆ? ಅದೊಂದು ಹೇಳು ನಂಗೆ."

ಸತೀಶ ಪೈಪನ್ನು ಹುಲ್ಲಿನ ಮೇಲೆ ಇಟ್ಟ. ಹೋಗಿ ನಲ್ಲಿ ನಿಲ್ಲಿಸಿದ. ನಿಂತ ನೀರಿನಲ್ಲಿ ಪಚಪಚ ಕಾಲಿಡುತ್ತ ಲಾನನ್ನು ದಾಟಿ, ಕಾರಿನ ಪಕ್ಕದಿಂದ ಹಾದು ಗೇಟಿನ ಹೊರಗೆ ಬಂದ. ಆಟೋ ಅಲ್ಲೇ ನಿಂತಿತ್ತು, ಹತ್ತಲಿಲ್ಲ. ಒಳಗಿನಿಂದ ದೇವರಾಜ್ ಅವನ ಹೆಸರು ಹಿಡಿದು ಕರೆದ, ಸ್ವಲ್ಪ ಬಿಟ್ಟು ಇನ್ನೊಮ್ಮೆ ಕರೆದ. ಅವನು ಹುಲಿಕೆರೆಯ ಕಡೆಯ ರಸ್ತೆಗೆ ತಿರುಗಿ, ಒದ್ದೆ ಚಪ್ಪಲಿ ಅಂಗಾಲಿಗೆ ಅಂಟಿ ಬಿಡುತ್ತಿದ್ದ ಹಾಗೆಯೇ, ನಡೆಯುತ್ತ ಹೋದ.